ಪ್ರಾರ್ಥನೆಯ ನಡುವೆ ನಕ್ಕವನು

"ಈಗ ಕೇಳಿ," ಎಂದ ದೊಡ್ಡಯ್ಯ. "ಮೊದ್ಲು ನನ್ನ ವಿಯೋಲಾ ಬತ್ತದೆ. ಅದರ ಹಿಂದೇನೇ ಆ ನಗು."

ವಿಶಾಖಪಟ್ಟಣದ ಗಾಜುವಾಕದಲ್ಲಿದ್ದ ದೊಡ್ಡಯ್ಯನ ಬಾಡಿಗೆ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಲಾಗಿತ್ತು. ಫ್ಯಾನು ಕಿರುಗುಟ್ಟುತ್ತಿದ್ದುದರಿಂದ ಅದನ್ನೂ ನಿಲ್ಲಿಸಿದ್ದರು. ಆದರೂ ಉಕ್ಕಿನ ಕಾರ್ಖಾನೆಯ ಬಸ್ಸುಗಳ ಹಾರ್ನು ಒಳಗೆ ಬರುವುದು ತಪ್ಪಲಿಲ್ಲ. ಉಮಾಶಂಕರ ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಟೇಪ್ ರೆಕಾರ್ಡರಿನ ಹತ್ತಿರಕ್ಕೆ ಬಾಗಿದ.

ನಾಲ್ಕು ತಂತಿವಾದ್ಯಗಳು ಮೆಲ್ಲಗೆ ನಡೆಯುತ್ತಿದ್ದವು. ಎರಡು ಪಿಟೀಲುಗಳು ಹಿಂದೆ ಸರಿದವು. ಪಿಟೀಲಿಗಿಂತ ತುಸು ದೊಡ್ಡದಾದ, ಗಂಟಲು ತುಸು ಗಂಭೀರವಾದ ವಿಯೋಲಾ ಒಂದು ಧಾಟಿಯನ್ನು ಎತ್ತಿಕೊಂಡಿತು. ನಿಧಾನ, ಗೌರವ, ಭಯಭಕ್ತಿ. ನೌಕಾಪಡೆಯ ಪೊಲೀಸ್ ವಿಭಾಗದಲ್ಲಿ ಆಯುಷ್ಯದ ಅರ್ಧ ಕಳೆದು, ಈಗ ವಿಶಾಖಪಟ್ಟಣದಲ್ಲೇ ಖಾಸಗಿ ಪತ್ತೇದಾರಿಕೆ ಮಾಡಿಕೊಂಡಿದ್ದ ಧಾರವಾಡದ ಉಮಾಶಂಕರನಿಗೆ ಪಾಶ್ಚಾತ್ಯ ಸಂಗೀತವೆಂದರೆ ಪರೇಡಿನ ಬ್ಯಾಂಡು ಮಾತ್ರ. ಅವನ ಕಿವಿಗೆ ಇದು ಯಾವುದೋ ಚರ್ಚಿನ ಪ್ರಾರ್ಥನೆಯಂತೆ ಕೇಳಿಸಿತು.

ಅಷ್ಟರಲ್ಲಿ ನಗು.

ಮುಸಿಮುಸಿ ನಗೆಯಲ್ಲ. ವಯಸ್ಸಾದ ಗಂಡಸು ಬಾಯ್ತುಂಬ ನಕ್ಕ ನಗೆ. ಅದರ ಬೆನ್ನಿಗೇ ಕುರ್ಚಿ ಎಳೆದ ಸದ್ದು. ಆಮೇಲೆ ನಾಲ್ಕು ವಾದ್ಯಗಳಲ್ಲಿ ಒಂದು, ಎಲ್ಲಕ್ಕಿಂತ ಕೆಳಗಿನ ದನಿಯ ಸೆಲ್ಲೊ, ತಟ್ಟನೆ ನಿಂತುಹೋಯಿತು. ಉಳಿದ ಮೂರು ಮುಂದೆ ಹೋದವು. ಸ್ವಲ್ಪ ಹೊತ್ತಿನ ಮೇಲೆ ಸೆಲ್ಲೊ ಓಡಿ ಬಂದು ಕೂಡಿಕೊಂಡಿತು.

ಆ ಸೆಲ್ಲೊ ನುಡಿಸುತ್ತಿದ್ದ ಜರ್ಮನ್ ಎಂಜಿನಿಯರ್ ಲೋಮಾನ್, ಟೇಪಿನಲ್ಲಿದ್ದ ಈ ಕಛೇರಿಯ ಮರುದಿನ, ಯಾರಾಡ ಗುಡ್ಡದ ಕೆಳಗೆ, ಸಮುದ್ರದಂಚಿನ ಬಂಡೆಗಳ ಮೇಲೆ ಹೆಣವಾಗಿ ಸಿಕ್ಕಿದ್ದ. ಬೆಳಿಗ್ಗೆ ಅವನನ್ನು ಸ್ಕೂಟರಿನಲ್ಲಿ ಗುಡ್ಡ ಹತ್ತಿಸಿದ್ದವನು ದೊಡ್ಡಯ್ಯ. ಊರು ಬಿಟ್ಟು ಕದಲಕೂಡದೆಂದು ಪೊಲೀಸರು ದೊಡ್ಡಯ್ಯನಿಗೆ ಹೇಳಿದ್ದರು. ಅದರ ಮುಂದಿನ ಹೆಜ್ಜೆ ಏನೆಂಬುದು ಇಬ್ಬರಿಗೂ ಗೊತ್ತಿತ್ತು.

"ನಗುವಂಥಾದ್ದು ಇದರಾಗ ಏನದ?" ಉಮಾಶಂಕರ ಕೇಳಿದ.

"ಅದೇ ನಂಗೂ ಗೊತ್ತಿಲ್ಲ ಕಣ್ರೀ." ನೌಕಾಪಡೆಯ ಬ್ಯಾಂಡಿನಿಂದ ನಿವೃತ್ತನಾಗಿ ಇಲ್ಲೇ ಉಳಿದರೂ ದೊಡ್ಡಯ್ಯನ ಮಾತು ಕೊಳ್ಳೇಗಾಲ ಬಿಟ್ಟಿರಲಿಲ್ಲ. "ಪ್ರಾಕ್ಟೀಸ್ ಮಾಡೋವಾಗ ಲೋಮಾನ್ ಸಾಹೇಬ್ರು ಅನ್ನೋರು, ದೊಡ್ಡಯ್ಯ, ಇದು ನಮ್ ಕಡೆ ಹಳ್ಳಿ ಜನ ಹೆಂಡದಂಗ್ಡೀಲಿ ಹಾಡೋ ತಮಾಷೆ ಪದ. ಇದನ್ನ ಬರ್ದ ಮಾರಾಯ ಬೇಕಂತ್ಲೇ ತಂದು ದೇವ್ರ ಸ್ತೋತ್ರದ ಥರ ಇಲ್ಲಿ ಕೂರ್ಸವ್ನೆ. ಪದದ ಮಾತು ಗೊತ್ತಿರೋರು ನಗ್ತಾರೆ, ಗೊತ್ತಿಲ್ದೋರು ಕೈ ಮುಗೀತಾರೆ. ನೀನು ಮಾತ್ರ ನಗಬ್ಯಾಡ, ಕೆಟ್ಟೋಯ್ತದೆ, ಅಂತ."

"ಮಾತು ಏನಂತ ಹೇಳಲಿಲ್ಲ?"

"ಕೇಳ್ದೆ, ಹೇಳ್ನಿಲ್ಲ. ಅವ್ರೂ ಒಂದಿನಾನೂ ನಗ್ನಿಲ್ಲ ಅನ್ನಿ."

ಉಮಾಶಂಕರ ಎದ್ದು ಕಿಟಕಿಯ ಒಂದು ಬಾಗಿಲು ತೆರೆದ. ಗಾಳಿಯೇನೂ ಬರಲಿಲ್ಲ.

ಕಛೇರಿ ನಡೆದ ವಾಲ್ಟೇರಿನ ಕ್ಲಬ್ಬಿನ ಹಾಲಿನಲ್ಲಿ ಅಂದು ಕೂತಿದ್ದವರು ನೌಕಾಪಡೆಯ ಅಧಿಕಾರಿಗಳು, ಬಂದರಿನವರು, ಅವರ ಹೆಂಡಂದಿರು. ಮುಂದಿನ ಸಾಲಿನಲ್ಲಿ ಉಕ್ಕಿನ ಕಾರ್ಖಾನೆಯ ಇಬ್ಬರು ರಷ್ಯನ್ನರು. ಜರ್ಮನ್ ಬಲ್ಲವನು ವೇದಿಕೆಯ ಮೇಲಿದ್ದ ಲೋಮಾನ್ ಒಬ್ಬನೇ ಎಂದು ಎಲ್ಲರೂ ನಂಬಿದ್ದರು. ಪಿಟೀಲು ನುಡಿಸಿದ ಬ್ಯಾಂಡಿನ ಇಬ್ಬರು ಹುಡುಗರು ಹಡಗಿನ ಜೊತೆ ಕೊಚ್ಚಿಗೆ ಹೋಗಿಬಿಟ್ಟಿದ್ದರು.

"ಟೇಪ್ ರೆಕಾರ್ಡರ್ ಎಲ್ಲಿಟ್ಟಿದ್ರಿ?"

"ಹಿಂದ್ಗಡೆ, ಕಿಟಕಿ ಪಕ್ಕ, ಸ್ಟೂಲ್ ಮ್ಯಾಲೆ."

"ಅದರ ಬಾಜೂಕ ಯಾರು ಕುಂತಿದ್ರು?"

ದೊಡ್ಡಯ್ಯ ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಗುಂಡಿ ಒತ್ತಿದ. ಕುರ್ಚಿಗಳ ಗದ್ದಲದ ನಡುವೆ ಒಂದು ಮೆತ್ತನೆಯ ದನಿ, ಟೇಪು ತಿರುಗುತ್ತಿದೆಯೇ ಎಂದು, ತೆಲುಗಿನಲ್ಲಿ ಕೇಳಿತು: "ಮಿಷನ್ ತಿರುಗುತೋಂದಾಂಡಿ?" ತಿರುಗುತ್ತಿದೆ, ಕೂತುಕೊಳ್ಳಿ ಎಂದು ಅದಕ್ಕೆ ದೊಡ್ಡಯ್ಯನದೇ ದನಿ: "ತಿರುಗುತೋಂದಿ, ಕೂರ್ಚೋಂಡಿ."

"ಇವ್ನೇ ರಾಮಮೋಹನ್. ಬೆಜವಾಡದಲ್ಲಿ ವೀಣೆ ಪಿಟೀಲು ರಿಪೇರಿ ಮಾಡ್ತೀನಿ ಅಂದ. ನಗು ಬಂದಾಗ ಜನ ತಿರುಗಿ ನೋಡುದ್ರಲ್ಲ, ಇವನು ಎದ್ದು ಹೋಗ್ತಿದ್ನಂತೆ."

ಈ ಹೆಸರು ಉಮಾಶಂಕರನಿಗೆ ಹೊಸದಲ್ಲ. ಬೆಜವಾಡದ, ಅಂದರೆ ವಿಜಯವಾಡದ, ಪೊಲೀಸರು ಆತನನ್ನು ಆಗಲೇ ವಿಚಾರಿಸಿದ್ದರು. ಜರ್ಮನ್ ಬರುವುದಿಲ್ಲ, ಈ ಸಂಗೀತವೂ ಗೊತ್ತಿಲ್ಲ, ವಾದ್ಯಗಳ ಕಟ್ಟೋಣ ನೋಡಲು ಹೋಗಿದ್ದೆ, ನಿದ್ದೆ ಬಂತು, ಅರ್ಧಕ್ಕೇ ಎದ್ದು ಬಂದೆ ಎಂದು ಹೇಳಿದ್ದ.

"ನಿದ್ದಿ ಬಂದಾವ ಹಂಗ ನಗತಾನೇನ್ರಿ?"

"ಕನಸು ಬಿದ್ದಿರ್ಬೌದು," ಎಂದ ದೊಡ್ಡಯ್ಯ. ಅವನ ಮುಖದಲ್ಲಿ ನಗೆಯ ಗುರುತೂ ಇರಲಿಲ್ಲ. ಟೇಪು ನಿಲ್ಲಿಸಿ ಹೇಳಿದ: "ನಾನು ಗುಡ್ಡದ ಮ್ಯಾಲೆ ಬುಟ್ಟು ಬಂದೆ, ಅಷ್ಟೇ. ಒಬ್ನೇ ಇರ್ಬೇಕು, ನೀನು ಹೋಗು ಅಂದ್ರು. ಆವತ್ತು ಮುಖ ಸರಿ ಇರ್ನಿಲ್ಲ. ಕೇಳ್ಬೇಕಾಗಿತ್ತು. ಕೇಳ್ನಿಲ್ಲ."

ಉಮಾಶಂಕರ ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡ. "ಇದು ನನ್ನ ಹತ್ರ ಇರಲಿ. ನಾಳೆ ಬೆಜವಾಡಕ್ಕ ಹೋಗಿ ಬರ್ತೀನಿ."

*

ವಿಜಯವಾಡದ ಒನ್ ಟೌನಿನಲ್ಲಿ ಶುಕ್ರವಾರದ ಜನ. ಇಂದ್ರಕೀಲಾದ್ರಿ ಬೆಟ್ಟದ ಗುಡಿಯಿಂದ ಇಳಿದು ಬಂದವರ ಹಣೆಯ ಕುಂಕುಮ ಬೆವರಿಗೆ ಮೂಗಿನ ಮೇಲೆ ಹರಿದಿತ್ತು. ಬೆಳಗಿನ ರೈಲು ಹಿಡಿದು ಬಂದ ಉಮಾಶಂಕರ ಮೂರು ಕಡೆ ದಾರಿ ಕೇಳಿಕೊಂಡು ಆ ಗಲ್ಲಿ ಸೇರಿದಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಗೋಡೆಗೆ ಒರಗಿಸಿದ ವೀಣೆಗಳು, ಹೊಟ್ಟೆ ಬಿಚ್ಚಿದ ಹಾರ್ಮೋನಿಯಂ, ಹಲಸಿನ ಮರದ ವಾಸನೆ. ಹಿಂದೆ ಮನೆಗೆ ಹೋಗುವ ಬಾಗಿಲಿಗೆ ಹೂವಿನ ಪರದೆ. ಐವತ್ತು ದಾಟಿದ, ಬಡಕಲು ಮೈಯ ಒಬ್ಬ ನೆಲದ ಮೇಲೆ ಕೂತು ಪಿಟೀಲಿನ ತಂತಿ ಹೊರುವ ಪುಟ್ಟ ಕುದುರೆಯನ್ನು ಚಾಕುವಿನಿಂದ ಕೆತ್ತುತ್ತಿದ್ದ.

ಉಮಾಶಂಕರ ತೆಲುಗಿನಲ್ಲಿ ಮಾತು ತೆಗೆದ. ಎರಡನೆಯ ವಾಕ್ಯಕ್ಕೇ ಆತ ತಲೆಯೆತ್ತಿದ.

"ಕನ್ನಡದವರಾ? ಕನ್ನಡದಲ್ಲೇ ಹೇಳ್ರಿ. ನಮ್ಮಮ್ಮ ಬಳ್ಳಾರಿಯವರು. ಅವರಿರೋ ತನಕ ಈ ಮನೇಲಿ ಕನ್ನಡವೇ."

"ನಾನು ವಿಶಾಖಪಟ್ಟಣದಿಂದ ಬಂದೀನಿ. ಲೋಮಾನ್ ವಿಚಾರ."

ಚಾಕು ನಿಲ್ಲಲಿಲ್ಲ. "ಪೊಲೀಸರಿಗೆ ಹೇಳಾಯ್ತಲ್ಲಂಡಿ. ನನಗೇನೂ ತಿಳೀದು."

"ನೀವು ಹೇಳೂದು ಬ್ಯಾಡ. ಒಂದು ಟೇಪ್ ಹಚ್ಚತೀನಿ, ಕೇಳ್ರಿ."

ಉಮಾಶಂಕರ ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು ಗಿರಾಕಿಗಳ ಬೆಂಚಿನ ಮೇಲಿಟ್ಟ. ದಾರಿಯುದ್ದಕ್ಕೂ ಅವನು ಹಾಕಿಕೊಂಡಿದ್ದ ಲೆಕ್ಕ ಸರಳವಾದದ್ದು. ಹಾಡು ಗೊತ್ತಿದ್ದವನ ಮುಖ ಹಾಡು ಬಂದಾಗ ಒಂದಿಷ್ಟಾದರೂ ಬದಲಾಗಬೇಕು. ತಾನು ಮುಖ ನೋಡುತ್ತಾ ಕೂತರೆ ಸಾಕು.

ಪಿಟೀಲುಗಳು ಹಿಂದೆ ಸರಿದವು. ವಿಯೋಲಾ ತನ್ನ ಪ್ರಾರ್ಥನೆಯನ್ನು ಎತ್ತಿಕೊಂಡಿತು.

ರಾಮಮೋಹನನ ಮುಖ ಬದಲಾಗಲಿಲ್ಲ. ತುಟಿ ಅಲುಗಲಿಲ್ಲ. ಚಾಕು ಮೊದಲಿನಷ್ಟೇ ನಿಧಾನವಾಗಿ ಮರದ ಸಿಪ್ಪೆ ತೆಗೆಯುತ್ತಿತ್ತು. ರೈಲಿನ ಖರ್ಚು ದಂಡವೆಂದು ಉಮಾಶಂಕರ ಅಂದುಕೊಳ್ಳುವಷ್ಟರಲ್ಲಿ ಪರದೆಯ ಹಿಂದಿನಿಂದ ಹೆಂಗಸೊಬ್ಬಳ ದನಿ ಕೇಳಿತು. ವಿಯೋಲಾದ ಜೊತೆಜೊತೆಗೇ, ಅದೇ ಧಾಟಿಯಲ್ಲಿ, ಆದರೆ ದುಪ್ಪಟ್ಟು ವೇಗದಲ್ಲಿ ಹಾಡುತ್ತಾ ಆಕೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ಏಮಂಡೀ, ಮೀ ಕುಂದೇಲು ಪಾಟ ರೇಡಿಯೋಲೋ ವಸ್ತೋಂದಾ?"

ನಿಮ್ಮ ಮೊಲದ ಹಾಡು ರೇಡಿಯೋದಲ್ಲಿ ಬರುತ್ತಿದೆಯೇ ಎಂದು ಕೇಳಿದ ಆಕೆಯ ಮುಖದಲ್ಲಿ ಸಂತೋಷವೇ ಇತ್ತು. ರಾಮಮೋಹನನ ಹೆಂಡತಿ ಸೀತಾಮಹಾಲಕ್ಷ್ಮಿ. ಹೊರಗಿನವನೊಬ್ಬ ಕೂತಿರುವುದು ಕಂಡು ಸೆರಗು ಸರಿಮಾಡಿಕೊಂಡಳು.

ಆಗ ಟೇಪಿನಲ್ಲಿ ನಗು ಬಂತು.

ಚಾಕು ಜಾರಿತು. ರಾಮಮೋಹನನ ಹೆಬ್ಬೆರಳಿನ ರಕ್ತ ಆ ಬಿಳಿಯ ಮರದ ತುಂಡಿನ ಮೇಲೆ ಬಿತ್ತು. ಉಮಾಶಂಕರ ಟೇಪು ನಿಲ್ಲಿಸಿದ.

"ಮೊಲದ ಹಾಡು ಅಂದ್ರ ಯಾವುದಮ್ಮಾ?" ತೆಲುಗಿನಲ್ಲಿ ಕೇಳಿದ.

ಆಕೆ ಗಂಡನ ಬೆರಳಿಗೆ ಬಟ್ಟೆ ಹುಡುಕುತ್ತಲೇ ಹೇಳಿದಳು. ಹೆಣ್ಣುಮಕ್ಕಳು ಚಿಕ್ಕವರಿದ್ದಾಗ ಊಟ ಮಾಡಿಸಲು ಇವರು ಹಾಡುತ್ತಿದ್ದರು. ಕುಂದೇಲು, ಕುಂದೇಲು ಎಂದು ಬಂದಾಗಲೆಲ್ಲ ಮಕ್ಕಳು ಮೊಲದಂತೆ ಕುಪ್ಪಳಿಸಿ ಒಂದು ತುತ್ತು ತಿನ್ನುತ್ತಿದ್ದರು. ಕೇಳಿ ಕೇಳಿ ತನಗೂ ಬಾಯಿಪಾಠ. ಉಳಿದ ಮಾತುಗಳೆಲ್ಲ ಅರ್ಥವಿಲ್ಲದವು. ಬೊಂಬಾಯಿಯಲ್ಲಿ ಯಾರೋ ಹಾರ್ಮೋನಿಯಂ ರಿಪೇರಿಯವನ ಹತ್ತಿರ ಕಲಿತದ್ದಂತೆ.

"ಸೀತಾ, ನೀನು ಒಳಗೆ ಹೋಗು," ಎಂದ ರಾಮಮೋಹನ್, ತೆಲುಗಿನಲ್ಲಿ.

ಆಕೆ ಇಬ್ಬರ ಮುಖವನ್ನೂ ನೋಡಿದಳು. ಬೆರಳಿಗೆ ಬಟ್ಟೆ ಸುತ್ತಿ, ಗಂಟು ಬಿಗಿದು, ಆಮೇಲೆ ಹೋದಳು.

"ಕುಂದೇಲು ಅಂದ್ರ ತೆಲುಗಿನ್ಯಾಗ ಮೊಲ," ಎಂದ ಉಮಾಶಂಕರ. "ಜರ್ಮನ್ ಹಾಡಿನೊಳಗ ತೆಲುಗು ಮೊಲ ಹೆಂಗ ಹೊಕ್ತು, ರಾಮಮೋಹನ್ ಅವರ?"

ಹೊರಗೆ ಒಂದು ರಿಕ್ಷಾ ಗಂಟೆ ಬಾರಿಸುತ್ತಾ ಹೋಯಿತು. ರಾಮಮೋಹನ್ ಚಾಕುವನ್ನು ಮಡಚಿ ಪಕ್ಕಕ್ಕಿಟ್ಟ.

"ಮೊಲ ಅಲ್ಲಂಡಿ. ಕ್ನೋಡೆಲ್. ನಮ್ಮ ಕಡುಬಿನ ಥರ, ಆಲೂಗಡ್ಡೇಲಿ ಉಂಡೆ ಮಾಡಿ ಬೇಯಿಸ್ತಾರೆ. ಮಕ್ಕಳ ಕಿವಿಗೆ ಕುಂದೇಲು ಅಂತ ಕೇಳಿಸ್ತು. ನಾನು ತಿದ್ದೋಕೆ ಹೋಗಲಿಲ್ಲ. ತಿದ್ದಿದ್ರೆ ಎಲ್ಲಿ ಕಲಿತೆ ಅಂತ ಹೇಳಬೇಕಾಗ್ತಿತ್ತು."

"ಹಾಡು ಏನು ಹೇಳ್ತದ?"

"ಒಂದು ಹಳ್ಳಿ. ಚರ್ಚಿನ ಗಂಟೆ ಹೊಡೆಯೋ ಮುದುಕ. ಅವನ ಹೆಂಡತಿ ಕಡುಬು ಮಾಡಿ ಗೋಪುರದ ಮೇಲಕ್ಕೇ ತಂದು ಕೊಡ್ತಾಳೆ. ಇವನು ತಿಂತಾನೆ, ತಿಂತಾನೆ. ಹೊಟ್ಟೆ ಹೀಗೆ ಊದಿಕೊಂಡು ಇಳಿಯೋ ಮೆಟ್ಟಿಲಲ್ಲಿ ಹಿಡಿಯೋದೇ ಇಲ್ಲ. ಕಾಪಾಡ್ರೋ ಅಂತ ಗಂಟೆ ಹೊಡೀತಾನೆ. ಊರವರು ಪ್ರಾರ್ಥನೆ ಹೊತ್ತಾಯ್ತು ಅಂತ ಬಂದು ಮಂಡಿಯೂರ್ತಾರೆ. ಇವನು ಇನ್ನೂ ಜೋರಾಗಿ ಹೊಡೀತಾನೆ. ಅವರು ಇನ್ನೂ ಭಕ್ತಿಯಿಂದ ಕಣ್ಣು ಮುಚ್ತಾರೆ."

ಉಮಾಶಂಕರನಿಗೆ ನಗು ಬಂತು. ತಡೆದುಕೊಂಡ. ಕ್ಲಬ್ಬಿನ ಹಾಲಿನಲ್ಲಿ ತಲೆ ಬಾಗಿಸಿ ಕೂತಿದ್ದ ಅಧಿಕಾರಿಗಳೆಲ್ಲ ಕಣ್ಣ ಮುಂದೆ ಬಂದರು. ಆ ಹಳೆಯ ಸಂಗೀತಗಾರ ಹಾಡನ್ನಷ್ಟೇ ಅಲ್ಲ, ಕೇಳುವವರನ್ನೂ ತನ್ನ ತಮಾಷೆಯೊಳಗೆ ಸೇರಿಸಿಕೊಂಡಿದ್ದ.

"ಅದಕ್ಕ ನೀವು ನಕ್ಕುಬಿಟ್ರಿ."

"ನಾನು ನಗಲಿಲ್ಲ."

"ಟೇಪಿನ್ಯಾಗ ಅದ, ರಾಮಮೋಹನ್ ಅವರ. ನಿಮ್ಮ ಕುರ್ಚಿ ಸದ್ದೂ ಅದ."

"ನಾನು ನಗಲಿಲ್ಲಂಡಿ." ದನಿ ಏರಲಿಲ್ಲ. "ಹಾಡು ನನಗೆ ಗೊತ್ತು. ನುಡಿಸೋಕೂ ಗೊತ್ತು. ಆ ವಿಯೋಲಾ ಭಾಗ ನನ್ನದೇ ಆಗಿತ್ತು. ಮದರಾಸಿನ ಒಂದು ವಾದ್ಯದ ಕಂಪನಿ ಪಿಟೀಲು ಕಟ್ಟೋದು ಕಲೀಲಿ ಅಂತ ನನ್ನನ್ನ ಜರ್ಮನಿಗೆ ಕಳಿಸಿತ್ತು. ಕಲಿಸಿದವರ ಮನೇಲೇ ಇದ್ದೆ. ಲೋಮಾನ್ ಅಂದ್ರೆ ಅವರ ಮಗ. ಭಾನುವಾರ ಊಟ ಆದಮೇಲೆ ನಾಲ್ಕು ಜನ ಕೂತು ಇದನ್ನ ನುಡಿಸ್ತಿದ್ವಿ. ಈ ಜಾಗಕ್ಕೆ ಬಂದಕೂಡಲೇ ಲೋಮಾನ್ ಸೆಲ್ಲೊ ಬಿಟ್ಟು ನಗೋರು. ಅವರಪ್ಪ ಬಯ್ಯೋರು, ಮತ್ತೆ ಶುರು ಮಾಡೋರು, ಮತ್ತೆ ನಗು. ಅವರು ಈ ಭಾಗ ಪೂರ್ತಿ ನುಡಿಸಿದ್ದು ನಾನು ಒಂದು ಸಾರಿಯೂ ನೋಡಿಲ್ಲ."

"ಇಷ್ಟು ಬಳಕೆ ಇದ್ದವರ ಸಾವು. ಪೊಲೀಸರ ಮುಂದ ಗೊತ್ತಿಲ್ಲ ಅಂದ್ರಿ. ಅಲ್ಲೆ ಒಬ್ಬ ವಯಸ್ಸಾದ ಮನಷ್ಯಾ ಜೈಲಿಗೆ ಹೋಗೂ ಹಂಗ ಆಗೇದ."

ರಾಮಮೋಹನ್ ಪರದೆಯ ಕಡೆ ನೋಡಿದ. ಮುಂದಿನ ಮಾತನ್ನು ತುಂಬ ಕೆಳಗಿನ ದನಿಯಲ್ಲಿ ಹೇಳಿದ.

"ಮೊದಲ ಪಿಟೀಲು ಅವರ ತಂಗಿ. ಗೆರ್ಡಾ. ಅಲ್ಲಿ ನಮ್ಮ ಮದುವೆ ಆಗಿತ್ತು. ಅಮ್ಮನಿಗೆ ಕಾಯಿಲೆ ಅಂತ ಬಂದೆ. ವಾಪಸ್ಸು ಹೋಗೋದು ಅಂತಲೇ ಬಂದೆ. ಅಮ್ಮ ಸಂಬಂಧ ನೋಡಿಟ್ಟಿದ್ರು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಹೇಳಲೇ ಇಲ್ಲ. ಇಲ್ಲೂ ಹೇಳಲಿಲ್ಲ, ಅಲ್ಲಿಗೂ ಹೇಳಲಿಲ್ಲ."

ಪರದೆ ಸರಿಯಿತು. ಸೀತಾಮಹಾಲಕ್ಷ್ಮಿ ಒಂದು ಸ್ಟೀಲಿನ ತಟ್ಟೆಯಲ್ಲಿ ಎರಡು ಲೋಟ ಮಜ್ಜಿಗೆ ಇಟ್ಟುಕೊಂಡು ನಿಂತಿದ್ದಳು. ಅತ್ತೆಯ ಜೊತೆ ಸಂಸಾರ ಮಾಡಿದವಳು. ಈ ಮನೆಯ ಕನ್ನಡ ಅವಳಿಗೆ ತಿಳಿಯದೆ ಇರುವುದು ಸಾಧ್ಯವೇ ಇರಲಿಲ್ಲ. ಅದು ಇಬ್ಬರು ಗಂಡಸರಿಗೂ ಒಟ್ಟಿಗೇ ಹೊಳೆಯಿತು.

"ಆಮೆ ಪೇರು ಮಳ್ಳೀ ಚೆಪ್ಪಂಡಿ," ಎಂದಳು. ಅವಳ ಹೆಸರು ಇನ್ನೊಮ್ಮೆ ಹೇಳಿ.

"ಗೆರ್ಡಾ."

ಆಕೆ ಮುಂದೆ ಬಂದು ಒಂದು ಲೋಟವನ್ನು ಉಮಾಶಂಕರನ ಮುಂದೆ, ಇನ್ನೊಂದನ್ನು ಗಂಡನ ಮುಂದೆ ಇಟ್ಟಳು. ಮಜ್ಜಿಗೆ ತುಳುಕಲಿಲ್ಲ.

"ಆ ಪಾಟ ಆಮೆ ನೇರ್ಪಿಂದಾ?"

ಆ ಹಾಡು ಅವಳು ಕಲಿಸಿದ್ದೇ ಎಂಬ ಪ್ರಶ್ನೆಗೆ ರಾಮಮೋಹನ್ ಬಟ್ಟೆ ಸುತ್ತಿದ ಹೆಬ್ಬೆರಳನ್ನು ನೋಡಿಕೊಂಡ. ಅದೇ ಉತ್ತರವಾಯಿತು. ಆಕೆ ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು.

ಉಮಾಶಂಕರ ಮಜ್ಜಿಗೆ ಕುಡಿದ. ಕುಡಿಯದೆ ಬಿಡುವುದು ತಪ್ಪೆನಿಸಿತು. ಬೇರೆಯವರ ಮನೆಯ ಗೋಡೆ ಬಿರುಕು ಬಿಟ್ಟರೆ ಅದಕ್ಕೆ ಗಾರೆ ಮೆತ್ತುವುದು ತನ್ನ ಕೆಲಸವಲ್ಲವೆಂದು ಅವನು ಹಿಂದೆಯೇ ತೀರ್ಮಾನಿಸಿಕೊಂಡವನು. ಆದರೂ ಲೋಟ ಕೆಳಗಿಡುವಾಗ ಸದ್ದಾಗದಂತೆ ಇಟ್ಟ.

"ನಗು ನಿಮ್ಮದಲ್ಲ ಅಂದ್ರಿ."

"ಇನ್ನೊಂದು ಸಾರಿ ಹಾಕಿ. ಕುರ್ಚಿ ಸದ್ದಾದ ಮೇಲೆ ಏನಾಗುತ್ತೆ, ಅದನ್ನ ಕೇಳಿ."

ಉಮಾಶಂಕರ ಹಾಕಿದ. ನಗು. ಅದರ ಮಧ್ಯದಲ್ಲಿ ಕುರ್ಚಿ ಎಳೆದ ಸದ್ದು. ಆಮೇಲೆ, ಇಷ್ಟು ಸಲ ಕೇಳಿಯೂ ಅವನು ಲಕ್ಷ್ಯ ಕೊಡದಿದ್ದ ಒಂದು ಸಂಗತಿ: ಚಪ್ಪಲಿಯ ಹೆಜ್ಜೆಗಳು. ಅವು ರೆಕಾರ್ಡರಿನ ಪಕ್ಕದಲ್ಲೇ ಹಾದು ಬಾಗಿಲಿನ ಕಡೆ ದೂರವಾದವು. ನಗು ದೂರವಾಗಲಿಲ್ಲ. ಇದ್ದ ಜಾಗದಲ್ಲೇ ಇತ್ತು. ಅದರ ಹಿಂದೆ ಹಾಲಿನ ಗಾಳಿಯಲ್ಲ, ಬಯಲಿನ ಗಾಳಿ. ಎಲ್ಲೋ ಒಂದು ಆಟೋ ಸ್ಟಾರ್ಟ್ ಆಗುವ ಸದ್ದು.

ರೆಕಾರ್ಡರ್ ಇದ್ದದ್ದು ಕಿಟಕಿಯ ಪಕ್ಕ. ನಕ್ಕವನು ಹಾಲಿನ ಒಳಗೆ ಇರಲೇ ಇಲ್ಲ. ಹೊರಗಿನ ವರಾಂಡದಲ್ಲಿ, ಕಿಟಕಿಗೆ ಮುಖ ಕೊಟ್ಟು ನಿಂತಿದ್ದ.

ಇಷ್ಟು ಸರಳವಾದದ್ದು ತನಗೆ ಮೊದಲೇ ಹೊಳೆಯಬೇಕಿತ್ತು. ಬೆರಳು ಕೊಯ್ದುಕೊಂಡಾಗಲಾದರೂ ಹೊಳೆಯಬೇಕಿತ್ತು. ತನ್ನದೇ ನಗು ಕೇಳಿ ಯಾರೂ ಬೆಚ್ಚುವುದಿಲ್ಲ.

"ಯಾರು ಅವರು?"

"ಇಪ್ಪತ್ತು ವರ್ಷ ಕೇಳಿರಲಿಲ್ಲ. ಆದರೂ ಗುರುತು ಸಿಕ್ತು. ಲೋಮಾನ್."

"ಲೋಮಾನ್ ವೇದಿಕೆ ಮ್ಯಾಲ ಸೆಲ್ಲೊ ಬಾರಸ್ಲಿಕ್ಕತ್ತಿದ್ದ."

"ವೇದಿಕೆ ಮೇಲಿದ್ದ ಮನುಷ್ಯನನ್ನ ನಾನು ಜನ್ಮದಲ್ಲಿ ನೋಡಿಲ್ಲಂಡಿ."

ಉಮಾಶಂಕರ ಟೇಪ್ ರೆಕಾರ್ಡರಿನ ಮೇಲಿದ್ದ ಕೈಯನ್ನು ತೆಗೆಯಲಿಲ್ಲ.

ರಾಮಮೋಹನ್ ಈಗ ತಡೆಯಿಲ್ಲದೆ ಹೇಳಿದ. ಪೇಪರಿನಲ್ಲಿ ಕಛೇರಿಯ ಸುದ್ದಿ ಬಂದಿತ್ತು, ಲೋಮಾನ್ ಎಂಬ ಹೆಸರಿತ್ತು, ಸೆಲ್ಲೊ ಎಂದಿತ್ತು. ಕಾಲು ಹಿಡಿದು ಕ್ಷಮೆ ಕೇಳೋಣವೆಂದೇ ಹೋಗಿದ್ದ. ಸೆಲ್ಲೊ ಹಿಡಿದು ಬಂದವನು ಬೇರೆ ಯಾರೋ. ಹೆಸರು ಒಂದೇ ಇದ್ದೀತು ಎಂದು ಸಮಾಧಾನ ಮಾಡಿಕೊಂಡು ಕೂತ. ಆದರೆ ಆ ಮನೆಯಲ್ಲಿ ಭಾನುವಾರ ನಾಲ್ವರು ಕೂತು ನುಡಿಸುತ್ತಿದ್ದ ಕ್ವಾರ್ಟೆಟ್ಟನ್ನೇ ಅವರು ನುಡಿಸತೊಡಗಿದರು. ಆಮೇಲೆ ಕಿಟಕಿಯಿಂದ ಆ ನಗು.

"ವರಾಂಡಕ್ಕೆ ಓಡಿದೆ. ಎತ್ತರದ ಆಳು, ತಲೆ ಪೂರಾ ಬೆಳ್ಳಗಾಗಿದೆ. ಮೆಟ್ಟಿಲು ಇಳೀತಿದ್ರು. ದೀಪದ ಕೆಳಗೆ ನಿಂತು ತಿರುಗಿದ್ರು. ನನ್ನ ಗುರುತು ಹಿಡಿದ್ರು. ತುಟಿ ಮೇಲೆ ಬೆರಳಿಟ್ಟು ಹೀಗೆ ಮಾಡಿದ್ರು. ನಗ್ತಾನೇ ಇದ್ರು."

"ನೀವು?"

"ನಾನು ಸೀದಾ ಸ್ಟೇಷನ್ನಿಗೆ ಹೋದೆ."

ಸತ್ತವನು ಯಾರೋ ಬೇರೆ. ಲೋಮಾನನ ಹೆಸರು, ಲೋಮಾನನ ವಾದ್ಯ, ಲೋಮಾನನ ಮನೆಯ ಸಂಗೀತ ಇಟ್ಟುಕೊಂಡು ವಿಶಾಖಪಟ್ಟಣದಲ್ಲಿ ಬದುಕಿದ್ದವನು. ನಗು ಕೇಳಿ ಅವನ ಕಮಾನು ಯಾಕೆ ನಿಂತಿತು, ಮರುದಿನ ಗುಡ್ಡದ ಮೇಲೆ ಒಬ್ಬನೇ ಇರಬೇಕೆಂದು ಯಾಕೆ ಹಟ ಹಿಡಿದ ಎಂಬುದಕ್ಕೆ ಈಗ ಒಂದು ದಾರಿ ಕಾಣುತ್ತಿತ್ತು. ಅವನು ಯಾರನ್ನೋ ಕಾಯಲು ಹೋಗಿದ್ದ.

"ಇದನ್ನ ನೀವು ವಿಶಾಖಪಟ್ಟಣಕ್ಕ ಬಂದು ಹೇಳಬೇಕಾಗ್ತದ."

ರಾಮಮೋಹನ್ ತಲೆ ಬಗ್ಗಿಸಿದ. ಒಪ್ಪಿದ್ದೋ ಇಲ್ಲವೋ ತಿಳಿಯಲಿಲ್ಲ. ಪರದೆಯ ಹಿಂದಿನಿಂದ ಸೀತಾಮಹಾಲಕ್ಷ್ಮಿ ಬಂದಳು. ಕೈಯಲ್ಲಿ ಗಂಡನ ಬಟ್ಟೆಯ ಚೀಲವಿತ್ತು. ಅದನ್ನು ಅವನ ಪಕ್ಕದಲ್ಲಿಟ್ಟು, ಅತ್ತೆಯಿಂದ ಬಂದ ಬಳ್ಳಾರಿ ಕನ್ನಡದಲ್ಲಿ, ಒಂದೊಂದೇ ಮಾತಾಗಿ ಹೇಳಿದಳು:

"ಹೋಗಿ ಹೇಳಿ ಬರ್ರಿ. ನಮ್ಮ ಮಾತು ಆಮೇಲೆ."

*

ಗಲ್ಲಿಯ ತುದಿಯಲ್ಲಿ ಹೊಸದಾಗಿ ತೆರೆದ ಎಸ್‌ಟಿಡಿ ಬೂತಿನ ಮುಂದೆ ಜನ ಸಾಲುಗಟ್ಟಿದ್ದರು. ರಾಮಮೋಹನನನ್ನು ಕಣ್ಣಳತೆಯಲ್ಲಿ ನಿಲ್ಲಿಸಿಕೊಂಡು ಉಮಾಶಂಕರ ತನ್ನ ಸರದಿಗೆ ಕಾದ. ಬಿಸಿಲು ಇಳಿದು ಬೆಟ್ಟದ ನೆರಳು ಬೀದಿಗೆ ಬಂದಿತ್ತು. ಗಾಜಿನ ಬಾಗಿಲು ಎಳೆದುಕೊಂಡು ಮನೆಯ ನಂಬರು ತಿರುಗಿಸಿದ. ಮೊದಲು ದೊಡ್ಡಯ್ಯನಿಗೆ ಧೈರ್ಯ ಹೇಳಿಸಬೇಕಿತ್ತು.

"ಎಲ್ಲಿದ್ದೀರಂಡಿ? ಊಟ ಆಯ್ತಾ?" ಹೆಂಡತಿ ರಾಜ್ಯಲಕ್ಷ್ಮಿ ಕೇಳಿದಳು. ರಾಜಮಂಡ್ರಿಯ ಹೆಣ್ಣು. ಗಂಡನಿಂದ ಧಾರವಾಡದ ಕನ್ನಡ ಕಲಿತು, ಅದಕ್ಕೆ ತನ್ನ ಊರಿನ ಮರ್ಯಾದೆ ಸೇರಿಸಿಕೊಂಡವಳು.

"ಆತು. ದೊಡ್ಡಯ್ಯನವರಿಗೆ ಒಂದು ಸುದ್ದಿ ಮುಟ್ಟಸಬೇಕು. ಅವರದೇನೂ ತಪ್ಪಿಲ್ಲ ಅಂತ ಹೇಳಾವ ಸಿಕ್ಕಾನ ಅಂತ ಹೇಳು."

"ಅಯ್ಯೋ, ಈಗ ತಾನೆ ನಮ್ಮ ಮನೀಗೇ ಬಂದಿದ್ರಲ್ಲರೀ. ಒಬ್ರು ಬಿಳಿ ದೊರೆಗಾರನ್ನ ಕರ್ಕೊಂಡು ಬಂದಿದ್ರು. ಸತ್ತುಹೋದ ಲೋಮಾನ್‌ಗಾರಿ ಅಣ್ಣನಂತ. ಬಾಂಬೆಯಿಂದ ಬಂದಾರಂತ. ನಿಮ್ಮನ್ನ ನೋಡಬೇಕಂತ."

ಉಮಾಶಂಕರ ಗಾಜಿನಾಚೆ ನಿಂತಿದ್ದ ರಾಮಮೋಹನನನ್ನು ನೋಡಿದ.

"ಹೆಂಗಿದ್ದಾರ ನೋಡಾಕ?"

"ಎತ್ತರ ಅಂದ್ರ ಎತ್ತರ, ನಮ್ಮ ಬಾಗಿಲಿಗೆ ತಲಿ ಬಡೀತು. ಕೂದಲೆಲ್ಲಾ ಬೆಳ್ಳಗ. ಒಳ್ಳೆಯವರಂಡಿ. ನನ್ನ ಕಾಫಿ ಎರಡು ಸಲ ಕೇಳಿ ಕುಡದ್ರು. ಮಾತು ಮಾತಿಗೂ ನಗೂದು. ತಮ್ಮ ಸತ್ತಾಗ ಹಿಂಗ ನಗತಾರಲ್ಲ ಅಂತ ಅನಸ್ತು, ಅವರ ಕಡೆ ಪದ್ಧತಿ ಇರಬಹುದು ಬಿಡಿ."

"ರಾಜೀ, ಈಗ ಎಲ್ಲಿದ್ದಾರ ಅವರು?"

"ದೊಡ್ಡಯ್ಯನೋರು ಸ್ಕೂಟರಿನ ಮ್ಯಾಲ ಕೂಡಿಸಿಕೊಂಡು ಯಾರಾಡ ಗುಡ್ಡಕ್ಕ ಹೋದ್ರು. ಹೋಗಿ ಅರ್ಧ ಗಂಟೆ ಆಗಿರಬೇಕು. ಆ ಜಾಗ ನೋಡಲೇಬೇಕಂತ ದೊರೆಗಾರು ಹಟ ಹಿಡಿದ್ರು. ದೊಡ್ಡಯ್ಯನೋರೂ ಪಾಪ, ನಾನೇ ತೋರಸ್ತೀನಿ ಬರ್ರಿ ಅಂದ್ರು." ರಾಜ್ಯಲಕ್ಷ್ಮಿ ಮತ್ತೆ ಹೇಳಿದಳು. "ಆದರ ಅವರ ಇಂಗ್ಲಿಷ್ ಏನೂ ಚಲೋ ಇಲ್ಲಂಡಿ. ತಮ್ಮ ಸತ್ತ ಜಾಗ ಅನ್ನಲಿಕ್ಕೆ ಬರಲಿಲ್ಲ. 'ನಾನು ಸತ್ತ ಜಾಗ ತೋರಿಸಿ' ಅಂದ್ರು."